ಹವ್ಯಾಸವು ವೃತ್ತಿಯಾಗುವಾಗ

ಮಗನು ಸರ್ಕಾರಿ ನೌಕರಿಯನ್ನು ಬಿಟ್ಟು ಕ್ಯಾಮೆರಾ ಹಿಡಿಯುವೆನೆಂದರೆ ಹೆತ್ತವರು ಕಳವಳಗೊಳ್ಳುವುದು ಸಹಜ. ಅಂತಹ ಕುಟುಂಬಗಳು ಲಾಲಾ ದೀನ್ ದಯಾಳರ ಬಾಳನ್ನು ಅರಿಯುವುದು ಒಳಿತು. ಅವರು 1844ರಲ್ಲಿ ಜೈನ ಮನೆತನವೊಂದರಲ್ಲಿ ಜನಿಸಿದರು. ಹುಟ್ಟೂರು, ಬೇಗಂ ಸಮ್ರು ಕಟ್ಟಿಸಿದ ಮಾತೆಯ ಬೆಸಿಲಿಕಾದಿಂದ ನಮಗೆ ಪರಿಚಿತವಾದ ಸರ್ಧಾನಾ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರರಾದರು. 1874ರ ಸುಮಾರಿಗೆ ಅವರಿಗೆ ಛಾಯಾಗ್ರಹಣದ ಒಲವು ಹತ್ತಿತು.

ಗಮನಿಸತಕ್ಕ ಸಂಗತಿಯೆಂದರೆ, ಅವರು ಒಮ್ಮೆಲೇ ಧುಮುಕಲಿಲ್ಲ. ಸಂಬಳ ಬರುತ್ತಿದ್ದ ಸುಮಾರು ಹತ್ತು ವರ್ಷಗಳಲ್ಲಿ ಕೈ ಪಳಗಿತು. ಹಿರಿಯ ಅಧಿಕಾರಿಗಳು ಚಿತ್ರ ತೆಗೆಯಲೆಂದು ಅವರನ್ನು ತಮ್ಮ ಪ್ರವಾಸಗಳಿಗೆ ಕರೆದೊಯ್ದರು. ಬಳಿಕ ದೀರ್ಘ ರಜೆ ಪಡೆದರು. ನೌಕರಿ ತೊರೆದದ್ದು ಆಮೇಲೆ. ಅಷ್ಟರಲ್ಲಿ ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದಿದ್ದರು.

ಹವ್ಯಾಸಿಯು ತನ್ನ ಕಣ್ಣಿಗೆ ಹಿತವಾದುದನ್ನು ಸೆರೆಹಿಡಿಯುತ್ತಾನೆ. ಇಂದಿನ ಸೂರ್ಯಾಸ್ತ ತಪ್ಪಿದರೆ ನಾಳೆ ಇನ್ನೊಂದುಂಟು. ವೃತ್ತಿಗಾರನಿಗೆ ಈ ಸ್ವಾತಂತ್ರ್ಯವಿಲ್ಲ. ವಿವಾಹದಲ್ಲಿ ಉಂಗುರ ತೊಡಿಸುವ ಗಳಿಗೆಯನ್ನು ಕಳೆದುಕೊಂಡರೆ ವಧೂವರರನ್ನು ಮರಳಿ ಪೀಠದ ಮುಂದೆ ನಿಲ್ಲಿಸಲಾದೀತೆ? (ಕೆಲವರು ಹಾಗೆ ನಿಲ್ಲಿಸುವುದೂ ಉಂಟು, ಅದು ಬೇರೆ ಮಾತು.) ಒಲವು ಇಲ್ಲಿ ಅನ್ಯರಿಗೆ ಸಲ್ಲತಕ್ಕ ಋಣವಾಗುತ್ತದೆ. ದೀನ್ ದಯಾಳರು ಇದನ್ನು ಬಲ್ಲವರು. ಗೋಷಾ ಪದ್ಧತಿಯ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ಮಹಿಳೆಯೊಬ್ಬರ ಕೈಗೆ ಒಪ್ಪಿಸಿದರು. ಸ್ವಂತ ಸ್ಟುಡಿಯೋ ಆದರೂ, ಅಲ್ಲಿ ಕ್ಯಾಮೆರಾದ ಹಿಂದೆ ನಿಲ್ಲುವ ಅವಕಾಶ ಅವರಿಗಿರಲಿಲ್ಲ.