ಪರರ ಅಂಗಡಿಯಲ್ಲಿ ಸ್ವಂತ ಸರಕು: ನಿಂಟೆಂಡೊ ಯಂತ್ರಗಳಲ್ಲಿ ಹೊರಗಿನ ತಯಾರಕರ ಪಾಡು

ವಿಡಿಯೋ ಗೇಮ್ ಎಂದೊಡನೆ ಮಕ್ಕಳ ಆಟಿಕೆಯೆಂದು ಪುಟ ಮಗುಚುವ ವಾಚಕರು ನಮ್ಮಲ್ಲಿ ಇರಬಹುದು. ಆದರೆ ಅನ್ಯರು ಕಟ್ಟಿದ ಮಾರುಕಟ್ಟೆಯಲ್ಲಿ ಸ್ವಂತ ಸರಕನ್ನು ಮಾರುವವನ ಕಷ್ಟಗಳನ್ನು ಈ ಉದ್ಯಮದಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ವಿರಳ. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯ ಆಟದ ಯಂತ್ರಗಳು ಕೋಟಿಗಟ್ಟಲೆ ಮಾರಾಟವಾಗಿವೆ. ಆ ಸಂಸ್ಥೆಯೇ ತಯಾರಿಸಿದ ಆಟಗಳೂ ಹಾಗೆಯೇ ಮಾರಾಟವಾಗಿವೆ. ಅದೇ ಯಂತ್ರಗಳನ್ನು ನಂಬಿ ಬಂಡವಾಳ ಹೂಡಿದ ಹೊರಗಿನ ಸಂಸ್ಥೆಗಳಲ್ಲಿ ಹಲವು ಕೈಸುಟ್ಟುಕೊಂಡಿವೆ.

ಇದರ ಮೂಲವನ್ನು ಅರಿಯಲು 1983ರ ಅಮೆರಿಕಕ್ಕೆ ಹೋಗಬೇಕು. ಅಟಾರಿ ಸಂಸ್ಥೆಯ ಯಂತ್ರಕ್ಕೆ ಆಟ ತಯಾರಿಸಲು ಆಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದವು, ಬೆಲೆಗಳು ನೆಲಕಚ್ಚಿದವು, ಚಿಲ್ಲರೆ ವರ್ತಕರು ಈ ವ್ಯಾಪಾರದ ಸಹವಾಸವೇ ಬೇಡವೆಂದರು. ಎರಡು ವರ್ಷಗಳ ನಂತರ ಅಲ್ಲಿ ಕಾಲಿಟ್ಟ ನಿಂಟೆಂಡೊ ತನ್ನ ಯಂತ್ರದೊಳಗೆ ಬೀಗದಂತೆ ವರ್ತಿಸುವ ಒಂದು ಚಿಪ್ಪನ್ನು ಇರಿಸಿತು. ಅದಕ್ಕೆ ಜೋಡಿಯಾದ ಚಿಪ್ ಇಲ್ಲದ ಕಾರ್ಟ್ರಿಡ್ಜ್ ಆ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಆ ಜೋಡಿ ಚಿಪ್ಪು ನಿಂಟೆಂಡೊ ಬಳಿ ಮಾತ್ರವೇ ಇತ್ತು.

ಬೀಗದ ಹಿಂದೆಯೇ ಕರಾರು ಬಂದಿತು. ಪರವಾನಗಿ ಪಡೆದ ಸಂಸ್ಥೆಯು ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ಬಿಡುಗಡೆ ಮಾಡುವಂತಿರಲಿಲ್ಲ. ಆ ಆಟವನ್ನು ಎರಡು ವರ್ಷ ಪ್ರತಿಸ್ಪರ್ಧಿ ಯಂತ್ರಕ್ಕೆ ಒದಗಿಸುವಂತಿರಲಿಲ್ಲ. ಕಾರ್ಟ್ರಿಡ್ಜ್‌ಗಳನ್ನು ನಿಂಟೆಂಡೊ ಮೂಲಕವೇ ಮಾಡಿಸಿಕೊಳ್ಳಬೇಕಿತ್ತು. ಅದಕ್ಕೊಂದು ಕನಿಷ್ಠ ಸಂಖ್ಯೆ, ಅದರ ಹಣ ಮುಂಗಡವಾಗಿ ಪಾವತಿ. ಸರಕು ಬಿಕರಿಯಾದರೂ ಆಗದಿದ್ದರೂ ನಿಂಟೆಂಡೊಗೆ ಅದರ ಪಾಲು ಮೊದಲೇ ಸಂದಿರುತ್ತಿತ್ತು. ಉಳಿದ ದಾಸ್ತಾನಿನ ಭಾರವೆಲ್ಲ ಹೊರಗಿನವನ ಹೆಗಲಿಗೆ. 1988ರಲ್ಲಿ ಚಿಪ್‌ಗಳ ಅಭಾವ ತಲೆದೋರಿದಾಗ ಯಾರಿಗೆ ಎಷ್ಟು ಕಾರ್ಟ್ರಿಡ್ಜ್ ಎಂಬುದನ್ನೂ ನಿಂಟೆಂಡೊ ಸಂಸ್ಥೆಯೇ ನಿರ್ಧರಿಸಿತು.

ಜಾಣರು ದಾರಿ ಹುಡುಕದೆ ಇರಲಿಲ್ಲ. ಕೊನಾಮಿ ಸಂಸ್ಥೆಯು ಅಲ್ಟ್ರಾ ಗೇಮ್ಸ್ ಎಂಬ ಇನ್ನೊಂದು ಹೆಸರು ಹುಟ್ಟುಹಾಕಿ, ವರ್ಷಕ್ಕೆ ಐದರ ಮಿತಿಯನ್ನು ದಾಟಿತು. ಅಟಾರಿ ಗೇಮ್ಸ್ ಸಂಸ್ಥೆ ಬೀಗವನ್ನೇ ಒಡೆಯಹೊರಟಿತು; ಚಿಪ್ಪಿನೊಳಗಿನ ಪ್ರೋಗ್ರಾಮಿನ ಪ್ರತಿಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಿಂದ ಸುಳ್ಳು ಹೇಳಿಕೆಯ ಮೇಲೆ ಪಡೆದದ್ದು ಬಯಲಾಗಿ, 1992ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಅದಕ್ಕೆ ಹಿನ್ನಡೆಯಾಯಿತು.

ಈ ಕರಾರುಗಳು ಕಠೋರವಾಗಿದ್ದವು ನಿಜ. ಆದರೆ 1983ರ ಕುಸಿತವನ್ನು ಕಣ್ಣಾರೆ ಕಂಡ ವರ್ತಕರ ವಿಶ್ವಾಸವನ್ನು ಮರಳಿ ಪಡೆಯಲು ಬೇರೆ ಸುಲಭ ಉಪಾಯವಿತ್ತೆಂದು ನಮಗೆ ತೋರುವುದಿಲ್ಲ. ಯಂತ್ರ ಮನೆಮನೆಯಲ್ಲಿದ್ದಷ್ಟು ಕಾಲ ಕೊನಾಮಿ, ಕ್ಯಾಪ್‌ಕಾಮ್‌ನಂಥ ಸಂಸ್ಥೆಗಳೂ ಚೆನ್ನಾಗಿಯೇ ಗಳಿಸಿದವು. ಬೇರೊಂದು ಅಂಗಡಿ ತೆರೆದಾಗಲೇ ಲೆಕ್ಕ ಬದಲಾದದ್ದು.

ಆ ಅಂಗಡಿ ಸೋನಿಯ ಪ್ಲೇಸ್ಟೇಷನ್. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅದರ ಆಟಗಳು ಸಿ.ಡಿ.ಯಲ್ಲಿ ಬರುತ್ತಿದ್ದವು. 1996ರಲ್ಲಿ ಬಂದ ನಿಂಟೆಂಡೊ 64 ಯಂತ್ರ ಮಾತ್ರ ಕಾರ್ಟ್ರಿಡ್ಜನ್ನೇ ಹಿಡಿದು ಕುಳಿತಿತು. ವ್ಯತ್ಯಾಸವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಸಿ.ಡಿ. ಅಚ್ಚು ಹಾಕಲು ತಗಲುವ ವೆಚ್ಚ ಅತ್ಯಲ್ಪ. ಮೊದಲು ಸ್ವಲ್ಪವೇ ಮಾಡಿಸಿ, ಬೇಡಿಕೆ ಕಂಡರೆ ಕೆಲವೇ ದಿನಗಳಲ್ಲಿ ಮತ್ತಷ್ಟು ತರಿಸಬಹುದು. ಕಾರ್ಟ್ರಿಡ್ಜ್ ದುಬಾರಿ, ಸಿದ್ಧವಾಗಿ ಬರಲು ವಾರಗಳು ಬೇಕು. ಹಬ್ಬದ ಮಾರಾಟಕ್ಕೆ ಎಷ್ಟು ಬೇಕೆಂಬುದನ್ನು ಬಹಳ ಮೊದಲೇ ಊಹಿಸಬೇಕು. ಊಹೆ ಕಡಿಮೆಯಾದರೆ ಗಿರಾಕಿ ಕೈತಪ್ಪುತ್ತಾನೆ, ಹೆಚ್ಚಾದರೆ ಹಣ ಗೋದಾಮಿನಲ್ಲಿ ಕೊಳೆಯುತ್ತದೆ. ಸ್ಥಳಾವಕಾಶದ ಪ್ರಶ್ನೆಯೂ ಇತ್ತು: ಆ ಕಾರ್ಟ್ರಿಡ್ಜಿನ ಗರಿಷ್ಠ ಸಾಮರ್ಥ್ಯ 64 ಮೆಗಾಬೈಟ್, ಒಂದು ಸಿ.ಡಿ.ಯದು ಸುಮಾರು 650. ಆರು ಭಾಗಗಳವರೆಗೆ ನಿಂಟೆಂಡೊ ಜೊತೆಗಿದ್ದ ‘ಫೈನಲ್ ಫ್ಯಾಂಟಸಿ’ ಸರಣಿಯನ್ನು ಸ್ಕ್ವೇರ್ ಸಂಸ್ಥೆಯು 1997ರಲ್ಲಿ ಪ್ಲೇಸ್ಟೇಷನ್‌ಗೆ ಒಯ್ದಿತು. ಏಳನೆಯ ಭಾಗ ಮೂರು ಸಿ.ಡಿ.ಗಳಲ್ಲಿ ಬಂದಿತು. ಕೊನೆಗೆ ಪ್ಲೇಸ್ಟೇಷನ್ 10 ಕೋಟಿಗೂ ಮಿಕ್ಕಿ ಮಾರಾಟವಾದರೆ ನಿಂಟೆಂಡೊ 64 ಸುಮಾರು 3.3 ಕೋಟಿಯಲ್ಲಿ ನಿಂತಿತು.

ದಾಸ್ತಾನಿನ ಅಪಾಯವನ್ನೇ ತಲೆಗೆ ಹಚ್ಚಿಕೊಳ್ಳದೆ ಈ ಉದ್ಯಮದಲ್ಲಿ ಬದುಕುವ ಮಾರ್ಗವೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯು ಮುಖ್ಯವಾಗಿ ವಿದೇಶೀ ಸಂಸ್ಥೆಗಳ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟು ಹೆಸರು ಗಳಿಸಿತು; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ಇಂತಹ ಕೆಲಸದಲ್ಲಿ ಕೂಲಿ ಖಚಿತ. ಆಟ ಕೋಟಿಗಟ್ಟಲೆ ಮಾರಾಟವಾದಾಗ ದೊಡ್ಡ ಪಾಲು ಮಾತ್ರ ಸಾಮಾನ್ಯವಾಗಿ ಬೇರೆಯವರದು.

2006ರಲ್ಲಿ ಬಂದ ವೀ ಯಂತ್ರದ ಕಥೆ ಇನ್ನೂ ವಿಚಿತ್ರವಾದದ್ದು. ಅಲ್ಲಿ ಕಾರ್ಟ್ರಿಡ್ಜ್ ಇಲ್ಲ, ಡಿಸ್ಕ್ ಇತ್ತು. ಗಿರಾಕಿಗಳಿಗೂ ಕೊರತೆಯಿರಲಿಲ್ಲ, 10 ಕೋಟಿಗೂ ಅಧಿಕ ಯಂತ್ರಗಳು ಮಾರಾಟವಾದವು. ಆದರೂ ಹೊರಗಿನ ಅನೇಕರು ಸೋತರು. ಅಮೆರಿಕ, ಯುರೋಪುಗಳಲ್ಲಿ ಯಂತ್ರದ ಜೊತೆಗೇ ‘ವೀ ಸ್ಪೋರ್ಟ್ಸ್’ ಎಂಬ ಆಟ ದೊರೆಯುತ್ತಿತ್ತು. ಕೈಯಲ್ಲಿನ ಸಾಧನವನ್ನು ಬೀಸಿ ಟೆನಿಸ್ ಆಡುವುದಕ್ಕೆಂದೇ ಯಂತ್ರ ಕೊಂಡ ಅಜ್ಜ ಅಜ್ಜಿಯರಿಗೆ ಇನ್ನೊಂದು ಆಟದ ಅಗತ್ಯವೇ ಬೀಳಲಿಲ್ಲ. ಬಿದ್ದರೆ ಮಾರಿಯೋ ಇದ್ದೇ ಇದ್ದ. ‘ಮಾರಿಯೋ ಕಾರ್ಟ್ ವೀ’ ಒಂದೇ 3.7 ಕೋಟಿ ಪ್ರತಿ ಕಂಡಿತು. ಜೊತೆಗೆ, ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಮಾಡಿದ ಆಟವನ್ನು ಅಲ್ಪ ಖರ್ಚಿನಲ್ಲಿ ವೀಗೆ ಹೊಂದಿಸಲು ಅದರ ಶಕ್ತಿ ಸಾಲದು. ಪ್ರತ್ಯೇಕವಾಗಿ ತಯಾರಿಸಬೇಕು, ಅದಕ್ಕೆ ಪ್ರತ್ಯೇಕ ಬಂಡವಾಳ ಬೇಕು. ಹಲವರು ಅಗ್ಗದ ಆಟಗಳನ್ನು ತುರುಕಿ ಹೊಣೆ ಕಳೆದುಕೊಂಡರು. ಸೇಗಾ 2009ರಲ್ಲಿ ಪ್ರಕಟಿಸಿದ ‘ಮ್ಯಾಡ್‌ವರ್ಲ್ಡ್’ ವಿಮರ್ಶಕರ ಮೆಚ್ಚುಗೆ ಪಡೆದರೂ ಗಿರಾಕಿಗಳನ್ನು ಪಡೆಯಲಿಲ್ಲ. ರಕ್ತಪಾತದ ಆಟ ಕುಟುಂಬದ ಯಂತ್ರಕ್ಕೆ ಒಗ್ಗುವುದೇ ಎಂಬ ಶಂಕೆ ಮೊದಲೇ ಮೂಡಬೇಕಿತ್ತು. ಅದೇ ವರ್ಷ ಫ್ರಾನ್ಸಿನ ಯೂಬಿಸಾಫ್ಟ್ ತಂದ ‘ಜಸ್ಟ್ ಡ್ಯಾನ್ಸ್’ ಸರಳವಾದ ನೃತ್ಯದ ಆಟ. ಆ ಯಂತ್ರ ಯಾರ ಮನೆಯಲ್ಲಿದೆಯೆಂಬುದನ್ನು ಬಲ್ಲ ಆಟ. 2019ರವರೆಗೂ, ಎಂದರೆ ಯಂತ್ರದ ತಯಾರಿಕೆಯೇ ನಿಂತು ವರ್ಷಗಳಾದ ಮೇಲೂ, ಅದರ ಹೊಸ ಭಾಗಗಳು ವೀಗೆ ಬರುತ್ತಲೇ ಇದ್ದವು.

ನಂತರದ ವೀ ಯು 2012ರಲ್ಲಿ ಬಂದು 1.36 ಕೋಟಿಗೆ ಮುಗಿಯಿತು. ಯಂತ್ರವಿಲ್ಲವೆಂದು ಆಟವಿಲ್ಲ, ಆಟವಿಲ್ಲವೆಂದು ಯಂತ್ರ ಹೋಗದು. ಅದಕ್ಕೆಂದೇ ಮೀಸಲಾಗಿದ್ದ ‘ರೇಮನ್ ಲೆಜೆಂಡ್ಸ್’ ಆಟವನ್ನು ಯೂಬಿಸಾಫ್ಟ್ ತಿಂಗಳುಗಟ್ಟಲೆ ತಡೆಹಿಡಿದು, 2013ರಲ್ಲಿ ಇತರ ಯಂತ್ರಗಳಿಗೂ ಒಟ್ಟಿಗೇ ಬಿಡುಗಡೆ ಮಾಡಿತು.

2017ರ ಸ್ವಿಚ್ ಯಂತ್ರದಲ್ಲಿ ಪರಿಸ್ಥಿತಿ ಬಹುಮಟ್ಟಿಗೆ ಸುಧಾರಿಸಿತು. ಅಂತರ್ಜಾಲದ ಮೂಲಕ ಮಾರಿದರೆ ಕಾರ್ಟ್ರಿಡ್ಜಿನ ವೆಚ್ಚವೂ ಇಲ್ಲ, ದಾಸ್ತಾನೂ ಇಲ್ಲ. ಒಬ್ಬನೇ ವ್ಯಕ್ತಿ ರೂಪಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ಯಂಥ ಆಟವೂ ಅಲ್ಲಿ ಗೆದ್ದಿತು. ಅಂಗಡಿಯ ಕಪಾಟಿನಲ್ಲಿ ಸ್ಥಾನ ಬೇಕೆನ್ನುವವರ ಗೊಂದಲ ಮಾತ್ರ ಹಳೆಯದೇ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ಕ್ಕೆ ಹೊರಗಿನ ಹಲವು ಸಂಸ್ಥೆಗಳು ಪೂರ್ಣ ಆಟವಿಲ್ಲದ ಕಾರ್ಡುಗಳನ್ನು ಮಾರುತ್ತಿವೆ. ಅದು ಬರಿಯ ಕೀಲಿ. ಆಟವನ್ನು ಗಿರಾಕಿ ತನ್ನ ಅಂತರ್ಜಾಲ ಸಂಪರ್ಕದಿಂದ ಇಳಿಸಿಕೊಳ್ಳಬೇಕು, ಆಡುವಾಗಲೆಲ್ಲ ಕಾರ್ಡನ್ನು ಯಂತ್ರದಲ್ಲಿ ಇಟ್ಟಿರಬೇಕು.