ಆರು ಸ್ಪೀಕರ್, ಎರಡರಲ್ಲೇ ದನಿ!

ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿಗೆ ಒಂದು ಪಾಠ ಮನೆಯಲ್ಲೇ ಕಾದಿರಬಹುದು. ಹಳೆಯ ಡಿವಿಡಿ ಪ್ಲೇಯರ್‌ಗೆ ಆರು ಸ್ಪೀಕರ್ ಜೋಡಿಸಿದರೂ ಎರಡರಲ್ಲಷ್ಟೇ ದನಿ! 'ಕೆಟ್ಟಿದೆ, ಹೊಸದು ತರೋಣ' ಎಂದು ಅಪ್ಪ ದುಡ್ಡು ಎಣಿಸುವ ಮುನ್ನ ಹಿಂಬದಿಯ ವೈರ್ ನೋಡಬೇಕು.

ಕೆಂಪು, ಬಿಳಿ ವೈರ್‌ಗಳು ಒಯ್ಯುವುದು ಬಲ, ಎಡ ಎಂಬ ಎರಡೇ ಚಾನೆಲ್. ಡಿಸ್ಕಿನಲ್ಲಿರುವ 5.1 ದನಿಗೆ, ಅಂದರೆ ಮುಂದೆ ಮೂರು, ಹಿಂದೆ ಎರಡು, ಗುಡುಗಿಗೊಂದು ಸಬ್‌ವೂಫರ್‌ಗೆ, ಒಂದೇ ಆಪ್ಟಿಕಲ್ ಅಥವಾ ಕೊಯಾಕ್ಸಿಯಲ್ ಕೇಬಲ್ ಸಾಕು. ಆಂಪ್ಲಿಫೈಯರ್‌ನಲ್ಲಿ ಡಾಲ್ಬಿ ಡಿಜಿಟಲ್ ಡಿಕೋಡರ್ ಇರಬೇಕು. ಪ್ಲೇಯರ್‌ನ ಆಡಿಯೊ ಮೆನುವಿನಲ್ಲಿ 'ಬಿಟ್‌ಸ್ಟ್ರೀಮ್' ಆರಿಸಬೇಕು. 'ಪಿಸಿಎಂ' ಇಟ್ಟರೆ ಮತ್ತೆ ಎರಡೇ ಚಾನೆಲ್. ಡಿಕೋಡರ್ ಇಲ್ಲವೇ? ಪ್ಲೇಯರ್‌ನಲ್ಲೂ ಆಂಪ್ಲಿಫೈಯರ್‌ನಲ್ಲೂ ಆರಾರು ಸಾಕೆಟ್ ಇದ್ದರೆ ಆರು ವೈರ್ ಎಳೆಯಿರಿ. ಜೋಡಿಸುವಾಗ ಕರೆಂಟ್ ಆರಿಸಿರಲಿ.

ಉಳಿದ ದುಡ್ಡು ಮಕ್ಕಳ ಪುಸ್ತಕಕ್ಕಾದೀತು.