ಬೋಲ್ಟಿನ ಹಿಡಿತ

ಎತ್ತಿನ ಬಂಡಿಯನ್ನು ಹೂಡಿ ದೂರದ ಸಂತೆಗೆ ಹೊರಡುವ ರೈತನು ಹೊರಡುವ ಮುನ್ನ ಬಾಗಿ, ಗಾಲಿಯ ಕಡೆಗೀಲನ್ನು ಒಮ್ಮೆ ಮುಟ್ಟಿ ನೋಡುತ್ತಾನೆ. ಅದು ಗೇಣುದ್ದವೂ ಇಲ್ಲದ ಕಬ್ಬಿಣದ ತುಂಡು. ಆದರೆ ಅದು ಕಳಚಿ ಬಿದ್ದರೆ ಗಾಲಿಯು ಅಚ್ಚಿನಿಂದ ಜಾರುತ್ತದೆ. ಗಾಲಿ ಜಾರಿದರೆ ಬಂಡಿ ಮಗುಚುತ್ತದೆ. ಯಂತ್ರಯುಗದ ವಾಹನಗಳಲ್ಲಿ ಕಡೆಗೀಲಿನ ಈ ಹೊಣೆಯನ್ನು ಬೋಲ್ಟುಗಳು ಹೊತ್ತಿವೆ. ಮೋಟಾರ್ ಸೈಕಲ್ಲಿನಂತಹ ಎರಡು ಚಕ್ರದ ವಾಹನದಲ್ಲಂತೂ ಅವುಗಳ ಹೊಣೆ ಇನ್ನೂ ಹೆಚ್ಚು.

ಮೋಟಾರ್ ಸೈಕಲ್ಲಿನ ಚೌಕಟ್ಟು ಅದರ ಅಸ್ಥಿಪಂಜರವಿದ್ದಂತೆ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಈ ಚೌಕಟ್ಟಿಗೆ ಎಂಜಿನು, ಹಿಂಚಕ್ರವನ್ನು ಹಿಡಿದ ತೋಳು, ಪೆಟ್ರೋಲ್ ಟ್ಯಾಂಕು, ಆಸನ ಇವೆಲ್ಲವೂ ಬೋಲ್ಟುಗಳಿಂದ ಬಂಧಿತವಾಗಿರುತ್ತವೆ. ಬೋಲ್ಟುಗಳು ಬಿಗಿಯಾಗಿರುವವರೆಗೆ ಇಷ್ಟೂ ಭಾಗಗಳು ಸೇರಿ ಒಂದೇ ವಸ್ತುವಿನಂತೆ ವರ್ತಿಸುತ್ತವೆ. ಒಂದು ಬೋಲ್ಟು ಸಡಿಲವಾದೊಡನೆ ಅವು ಬಿಡಿಭಾಗಗಳ ಗುಂಪಾಗಿ ಬಿಡುತ್ತವೆ.

ಮೈಸೂರಿನಲ್ಲಿ ತಯಾರಾದ ಹಳೆಯ ಮೋಟಾರ್ ಸೈಕಲ್ಲುಗಳನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚೆಕೊಸ್ಲೊವಾಕಿಯ ದೇಶದಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಎಂಬುವನು 1929ರಲ್ಲಿ ಆರಂಭಿಸಿದ ‘ಜಾವಾ’ ಮೋಟಾರ್ ಸೈಕಲ್ಲನ್ನು, ಆ ಸಂಸ್ಥೆಯ ಪರವಾನಗಿ ಪಡೆದು, 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ತಯಾರಿಸತೊಡಗಿತು. 1973ರಿಂದ ಅಲ್ಲಿನ ವಾಹನಗಳು ‘ಯೆಜ್ಡಿ’ ಎಂಬ ಹೆಸರನ್ನು ಧರಿಸಿದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಆದರೆ ಅದು ಹೊರತಂದ ವಾಹನಗಳಲ್ಲಿ ಎಷ್ಟೋ ಇಂದಿಗೂ ರಸ್ತೆಯಲ್ಲಿವೆ. ಎಷ್ಟೋ ಮನೆಗಳ ಹಿತ್ತಿಲಿನ ಕೊಟ್ಟಿಗೆಗಳಲ್ಲಿ ಧೂಳು ಹೊದ್ದು ನಿಂತಿವೆ.

ಅಂತಹ ಒಂದು ವಾಹನವನ್ನು ಬಹುಕಾಲದ ಮೇಲೆ ಹೊರತೆಗೆದು, ಮತ್ತೆ ಓಡಿಸಬೇಕೆಂದು ಮನೆಯ ಹುಡುಗನೊಬ್ಬನು ಅಪೇಕ್ಷಿಸುತ್ತಾನೆಂದು ಭಾವಿಸೋಣ. ಧೂಳನ್ನು ಒರೆಸಿ ನೋಡಿದಾಗ, ಎಂಜಿನನ್ನು ಚೌಕಟ್ಟಿಗೆ ಬಂಧಿಸುವ ಬೋಲ್ಟುಗಳಲ್ಲಿ ಒಂದು ಇಲ್ಲವೇ ಇಲ್ಲ. ಆ ಸ್ಥಳದಲ್ಲಿ ಯಾರೋ ತಂತಿಯನ್ನು ಸುತ್ತಿ ಕಟ್ಟಿದ್ದಾರೆ. ಪಕ್ಕದ ಇನ್ನೊಂದು ಬೋಲ್ಟು ತುಕ್ಕು ಹಿಡಿದಿದೆ. ಸ್ಪ್ಯಾನರು ಹಾಕಿ ತಿರುಗಿಸಿದೊಡನೆ ಅದರ ತಲೆ ಮುರಿದು ಕೈಗೆ ಬರುತ್ತದೆ, ಉಳಿದ ಭಾಗ ಚೌಕಟ್ಟಿನ ರಂಧ್ರದಲ್ಲಿಯೇ ನಿಲ್ಲುತ್ತದೆ. ಆದರೂ ಎಂಜಿನು ಅಲುಗಾಡಿದಂತೆ ತೋರುವುದಿಲ್ಲ. ಹೀಗೆಯೇ ಓಡಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಬೋಲ್ಟು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು.

ಬೋಲ್ಟೆಂದರೆ ರಂಧ್ರದಲ್ಲಿ ತೂರಿಸಿದ ಗೂಟವೆಂದು ಹಲವರು ತಿಳಿದಿದ್ದಾರೆ. ಇದು ನಿಜವಲ್ಲ. ನಟ್ಟನ್ನು ಬಿಗಿ ಮಾಡಿದಂತೆಲ್ಲ ಬೋಲ್ಟು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಎಳೆದ ರಬ್ಬರಿನಂತೆ ಮತ್ತೆ ಕುಗ್ಗಲು ಹವಣಿಸುತ್ತದೆ. ಈ ಹವಣಿಕೆಯೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಬಲ. ಒಳ್ಳೆಯ ಉಕ್ಕಿನ, 8 ಮಿಲಿಮೀಟರ್ ವ್ಯಾಸದ ಒಂದು ಬೋಲ್ಟನ್ನು ಸರಿಯಾಗಿ ಬಿಗಿ ಮಾಡಿದಾಗ ಅದು ಸುಮಾರು ಒಂದೂವರೆ ಟನ್ನಿನಷ್ಟು ಬಲದಿಂದ ಒತ್ತಿ ಹಿಡಿಯಬಲ್ಲದು. ಹೀಗೆ ಒತ್ತಲ್ಪಟ್ಟ ಮೇಲ್ಮೈಗಳ ನಡುವಣ ಘರ್ಷಣೆಯು ಅವು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಸುತ್ತಿದ ತಂತಿಗೆ ಭಾಗಗಳನ್ನು ಕಟ್ಟಿಡುವ ಶಕ್ತಿಯಿರಬಹುದು. ಒತ್ತಿ ಹಿಡಿಯುವ ಶಕ್ತಿಯಿಲ್ಲ.

ಇನ್ನು ಎಂಜಿನಿನ ಕಂಪನವನ್ನು ಗಮನಿಸಬೇಕು. ಮೈಸೂರಿನ ಜಾವಾ ವಾಹನದ ಎಂಜಿನು ಒಂದೇ ಸಿಲಿಂಡರಿನದು, ಎರಡು ಹೊಡೆತದ್ದು. ಅದರಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಸ್ಫೋಟವಾಗುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಒಂದು ಗಂಟೆ ಓಡಿದರೆ 1,80,000 ಹೊಡೆತಗಳು! ಬಿಗಿಯಾದ ಜೋಡಣೆಯಲ್ಲಿ ಈ ಹೊಡೆತಗಳು ಚೌಕಟ್ಟಿನಲ್ಲೆಲ್ಲ ಹಂಚಿಹೋಗುತ್ತವೆ. ಒಂದು ಬೋಲ್ಟು ಇಲ್ಲದಾಗ ಅದರ ಪಾಲಿನ ಹೊರೆಯು ನೆರೆಯ ಬೋಲ್ಟುಗಳ ಮೇಲೆ ಬೀಳುತ್ತದೆ. ಮೇಲ್ಮೈಗಳು ಕೂದಲೆಳೆಯಷ್ಟು ಅತ್ತಿತ್ತ ಜಾರತೊಡಗುತ್ತವೆ. ಹೀಗೆ ಅಡ್ಡಲಾಗಿ ಜಾರುವ ಕಂಪನವು ಬಿಗಿಯಾದ ನಟ್ಟನ್ನೂ ಕ್ರಮೇಣ ತಾನಾಗಿಯೇ ಸಡಿಲಿಸುತ್ತದೆಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗಗಳಿಂದ ತೋರಿಸಿದನು. ದುಂಡಗಿದ್ದ ರಂಧ್ರವು ಸವೆದು ಮೊಟ್ಟೆಯಾಕಾರ ತಾಳುತ್ತದೆ. ಬೆಸುಗೆಯ ಅಂಚಿನಲ್ಲಿ ಬಿರುಕು ಮೂಡುತ್ತದೆ. ಕೊನೆಗೆ ಒಂದು ದಿನ ಉಳಿದ ಬೋಲ್ಟೂ ಮುರಿಯುತ್ತದೆ. ಓಡುತ್ತಿರುವಾಗ ಎಂಜಿನು ಸ್ಥಾನ ತಪ್ಪಿ ಸರಪಳಿಯು ಕಳಚಿ ಹಿಂಚಕ್ರಕ್ಕೆ ಸಿಕ್ಕಿಕೊಂಡರೆ, ಸವಾರನ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಗಟ್ಟಿಯಾದ ಉಕ್ಕು ಮುರಿಯುವುದೇಕೆ? ಲೋಹಕ್ಕೂ ದಣಿವು ಉಂಟು. ಒಮ್ಮೆಗೆ ಮುರಿಯಲಾರದಷ್ಟು ಚಿಕ್ಕ ಬಲವೂ ಲಕ್ಷಾಂತರ ಸಲ ಬಿದ್ದರೆ ಲೋಹವನ್ನು ಮುರಿಯಬಲ್ಲದು. ರೈಲುಗಾಡಿಗಳ ಅಚ್ಚುಗಳು ಮುರಿಯುತ್ತಿದ್ದುದರ ಕಾರಣವನ್ನು ಹುಡುಕುತ್ತ, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಔಗುಸ್ಟ್ ವೋಲರ್ ಎಂಬುವನು ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದನು. ಹೀಗೆ ದಣಿದು ಮುರಿದ ಬೋಲ್ಟಿನ ಮುರಿದ ಮುಖವನ್ನು ನೋಡಿದರೆ, ಅದರ ಒಂದು ಭಾಗ ನುಣುಪಾಗಿದ್ದು, ಮರಳ ದಂಡೆಯ ಮೇಲೆ ಅಲೆಗಳು ಬಿಟ್ಟುಹೋದಂತಹ ಬಾಗಿದ ಗೆರೆಗಳನ್ನು ಹಲವು ವೇಳೆ ಕಾಣಬಹುದು; ಕೊನೆಗೆ ಒಮ್ಮೆಲೆ ಹರಿದ ಭಾಗ ಮಾತ್ರ ಒರಟಾಗಿರುತ್ತದೆ. ಈ ಗುರುತು ಕಂಡರೆ ಬೋಲ್ಟನ್ನು ಬದಲಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಅದು ಬಹುಕಾಲ ಸಡಿಲವಾಗಿತ್ತೆಂಬುದಕ್ಕೆ ಅದು ಸಾಕ್ಷಿಯಾಗಿರಬಹುದು. ಸಡಿಲಿಕೆಯ ಕಾರಣವನ್ನು ಹುಡುಕದೆ ಹಾಕಿದ ಹೊಸ ಬೋಲ್ಟೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಮೊದಲು ಮಾಡಬೇಕಾದ ಕೆಲಸ ರಂಧ್ರದಲ್ಲಿ ಉಳಿದ ತುಂಡನ್ನು ಹೊರತೆಗೆಯುವುದು. ಇಲ್ಲಿ ಬೇಕಾದುದು ಬಲವಲ್ಲ, ತಾಳ್ಮೆ. ತುಕ್ಕಿನೊಳಕ್ಕೆ ಇಳಿಯುವ ತೆಳುವಾದ ಎಣ್ಣೆಯನ್ನು ಹಾಕಿ ಒಂದು ರಾತ್ರಿಯಾದರೂ ಬಿಡಬೇಕು. ತುಂಡಿನ ತುದಿ ಹೊರಗೆ ಚಾಚಿದ್ದರೆ ಇಕ್ಕಳದಿಂದ ಹಿಡಿದು, ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವಾಗಿ ಅಲುಗಿಸುತ್ತ ತೆಗೆಯಬಹುದು. ಒಳಗೇ ಉಳಿದಿದ್ದರೆ ಅದರ ನಟ್ಟನಡುವೆ ಉಳಿಯಿಂದ ಗುರುತು ಮಾಡಿ, ಸಣ್ಣ ಬೈರಿಗೆಯಿಂದ ಆರಂಭಿಸಿ ನೇರವಾಗಿ ಕೊರೆದು, ಎಡತಿರುಪಿನ ತೆಗೆಯುವ ಸಾಧನವನ್ನು ಅದರೊಳಗೆ ತಿರುಗಿಸಬೇಕು. ಈ ಸಾಧನವು ಬಲು ಗಡಸು, ಆದುದರಿಂದಲೇ ಪೆಡಸು. ಆತುರಪಟ್ಟು ಅದನ್ನು ಒಳಗೇ ಮುರಿದುಕೊಂಡರೆ ಸಾಮಾನ್ಯ ಬೈರಿಗೆಗಳು ಅದನ್ನು ಕೊರೆಯಲಾರವು. ಕಾಯಿಸುವ ಅಥವಾ ಬೆಸೆಯುವ ಅವಶ್ಯಕತೆ ಬಿದ್ದರೆ, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿರಿಸಿ, ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ನುರಿತ ಕೆಲಸಗಾರನ ಕೈಯಿಂದಲೇ ಮಾಡಿಸಬೇಕು.

ಬಳಿಕ ಹೊಸ ಬೋಲ್ಟಿನ ಆಯ್ಕೆ. ಅಂಗಡಿಯಲ್ಲಿ ಕಣ್ಣಳತೆಯಿಂದ ಬೋಲ್ಟನ್ನು ಕೊಳ್ಳುವುದು ದೊಡ್ಡ ತಪ್ಪು. ವ್ಯಾಸದಷ್ಟೇ ಮುಖ್ಯವಾದುದು ಎಳೆಗಳ ಅಂತರ. ಕಾರ್ಯಾಗಾರಗಳಲ್ಲಿ ಇದನ್ನು ಪಿಚ್ ಎನ್ನುತ್ತಾರೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್, ಪ್ರತಿಯೊಂದು ಕಾರ್ಖಾನೆಯೂ ತನ್ನ ಮನಬಂದಂತೆ ಎಳೆಗಳನ್ನು ಕೊರೆಯುವ ಪದ್ಧತಿಯನ್ನು ತೊಡೆದು, ಎಲ್ಲರಿಗೂ ಸಮಾನವಾದ ಅಳತೆಯೊಂದನ್ನು ಸೂಚಿಸಿದನು. ಅವನ ಎಳೆಗಳ ಕೋನ 55 ಡಿಗ್ರಿ. ಮುಂದೆ ಬಂದ ಮಿಲಿಮೀಟರ್ ಪದ್ಧತಿಯಲ್ಲಿ ಈ ಕೋನ 60 ಡಿಗ್ರಿ. ಜಾವಾ ಮಿಲಿಮೀಟರ್ ಪದ್ಧತಿಯ ದೇಶದಿಂದ ಬಂದ ವಾಹನ. ಆದರೆ ಇಂಗ್ಲೆಂಡಿನ ವಿನ್ಯಾಸವನ್ನು ಆಧರಿಸಿ 1955ರಿಂದ ಮದರಾಸಿನಲ್ಲಿ ಸಿದ್ಧವಾಗತೊಡಗಿದ ಬುಲೆಟ್ಟಿನ ಹಳೆಯ ಮಾದರಿಗಳಲ್ಲಿ ಅಂಗುಲದ ಅಳತೆಯ ಎಳೆಗಳಿದ್ದವು.

ಈ ಎರಡು ಪದ್ಧತಿಗಳ ಹೋಲಿಕೆಯೇ ಅಪಾಯದ ಮೂಲ. ಒಂದು ಅಂಗುಲದ ಹದಿನಾರರಲ್ಲಿ ಐದು ಭಾಗವೆಂದರೆ 7.94 ಮಿಲಿಮೀಟರು, 8 ಮಿಲಿಮೀಟರಿನಿಂದ ಅದನ್ನು ಬರಿಗಣ್ಣು ಬೇರ್ಪಡಿಸಲಾರದು. ಆದರೆ ಆ ಅಳತೆಯ ವಿಟ್‌ವರ್ತ್ ಬೋಲ್ಟಿನಲ್ಲಿ ಅಂಗುಲಕ್ಕೆ 18 ಎಳೆಗಳು, ಎಂದರೆ ಅಂತರವು 1.41 ಮಿಲಿಮೀಟರು, 8 ಮಿಲಿಮೀಟರಿನ ಸಾಮಾನ್ಯ ಬೋಲ್ಟಿನಲ್ಲಿ ಅಂತರವು 1.25 ಮಿಲಿಮೀಟರು. ಒಂದರ ಸ್ಥಳದಲ್ಲಿ ಇನ್ನೊಂದನ್ನು ಹಾಕಿದರೆ ಮೊದಲ ಎರಡು ಮೂರು ಸುತ್ತು ಸರಾಗವಾಗಿ ತಿರುಗಿ, ಅನಂತರ ಬಿಗಿಯಾಗುತ್ತದೆ. ಅದು ಹಿಡಿತದ ಬಿಗಿಯಲ್ಲ. ಎಳೆಗಳು ನಾಶವಾಗುತ್ತಿರುವ ಬಿಗಿ. ಹೊಸ ಬೋಲ್ಟು ಕೊನೆಯವರೆಗೂ ಬೆರಳಿನಿಂದಲೇ ತಿರುಗಬೇಕೆಂಬುದು ಅನುಭವಿಗಳ ನಿಯಮ. ಎಳೆಗಳ ಅಂತರವನ್ನು ಅಳೆಯಲು ಹಲ್ಲುಗಳುಳ್ಳ ಚಿಕ್ಕ ಅಳತೆಪಟ್ಟಿಗಳೂ ದೊರೆಯುತ್ತವೆ.

ಮೂರನೆಯದಾಗಿ ಉಕ್ಕಿನ ಗುಣ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬಂತಹ ಅಂಕಿಗಳಿರುತ್ತವೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ, ಆ ಉಕ್ಕಿನ ಪ್ರತಿ ಚದರ ಮಿಲಿಮೀಟರು ಎಷ್ಟು ನ್ಯೂಟನ್ ಎಳೆತಕ್ಕೆ ಹರಿಯುತ್ತದೆಂದು ತಿಳಿಯುತ್ತದೆ. ಚುಕ್ಕೆಯ ನಂತರದ ಅಂಕಿಯು, ಅದರಲ್ಲಿ ಹತ್ತನೆಯ ಎಷ್ಟು ಭಾಗದವರೆಗೆ ಬೋಲ್ಟು ಶಾಶ್ವತವಾಗಿ ಹಿಗ್ಗದೆ ನಿಲ್ಲುತ್ತದೆಂದು ಹೇಳುತ್ತದೆ. 8 ಮಿಲಿಮೀಟರಿನ 8.8 ದರ್ಜೆಯ ಬೋಲ್ಟು ಸುಮಾರು ಮೂರು ಟನ್ನಿಗೆ ಹರಿದರೆ, 4.6 ದರ್ಜೆಯದು ಒಂದೂವರೆ ಟನ್ನಿಗೇ ಹರಿಯುತ್ತದೆ. ಕಿಟಕಿ ಬಾಗಿಲುಗಳಿಗೆಂದು ಮಾಡಿದ ಅಂಕಿಯಿಲ್ಲದ ಬೋಲ್ಟನ್ನು ಚೌಕಟ್ಟಿಗೆ ಹಾಕಬಾರದು. ಹೊಳೆಯುವ ತುಕ್ಕುರಹಿತ ಉಕ್ಕಿನ ಸಾಮಾನ್ಯ ಬೋಲ್ಟು ಕೂಡ ಬಲದಲ್ಲಿ 8.8 ದರ್ಜೆಗಿಂತ ಕಡಿಮೆಯೇ. ಹೊಳಪು ಬಲದ ಗುರುತಲ್ಲ.

ಉದ್ದವೂ ಸರಿಯಾಗಿರಬೇಕು. ಗಿಡ್ಡ ಬೋಲ್ಟು ಕೆಲವೇ ಎಳೆಗಳನ್ನು ಹಿಡಿದು ಅವನ್ನು ಕಿತ್ತುಬಿಡುತ್ತದೆ. ಕೊನೆ ಮುಚ್ಚಿದ ರಂಧ್ರದಲ್ಲಿ ಉದ್ದದ ಬೋಲ್ಟು ತಳವನ್ನು ತಾಗಿ ನಿಲ್ಲುತ್ತದೆ. ಸ್ಪ್ಯಾನರಿಗೆ ಬಿಗಿಯೆನಿಸಿದರೂ ಭಾಗಗಳ ನಡುವೆ ಒತ್ತಡವೇ ಇರುವುದಿಲ್ಲ. ನಟ್ಟನ್ನು ಹಾಕಿದ ಮೇಲೆ ಒಂದೆರಡು ಎಳೆಗಳು ಆಚೆಗೆ ಕಾಣುವಂತಿದ್ದರೆ ಅಳತೆ ಸರಿಯೆಂದು ತಿಳಿಯಬಹುದು.

ಜೋಡಿಸುವ ಮುನ್ನ ರಂಧ್ರವನ್ನೂ ಮೇಲ್ಮೈಗಳನ್ನೂ ಶುಚಿಗೊಳಿಸಿ, ರಂಧ್ರ ಮೊಟ್ಟೆಯಾಕಾರವಾಗಿದೆಯೆ, ಬೆಸುಗೆಯಲ್ಲಿ ಬಿರುಕಿದೆಯೆ ಎಂದು ನೋಡಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಸೇರಿಸಿ, ಅನಂತರ ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಉಳಿದವು ಓರೆಯಾಗಿ ಕೂರುತ್ತವೆ. ಬಿಗಿತಕ್ಕೂ ಮಿತಿಯುಂಟು. 8 ಮಿಲಿಮೀಟರಿನ 8.8 ದರ್ಜೆಯ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರಿನಷ್ಟು ತಿರುಚುಬಲ ಸಾಕು. ಎಂದರೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು ಹತ್ತು ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತಿದಂತೆ. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಜಗ್ಗುವವನು ಬೋಲ್ಟನ್ನು ಅದರ ಮಿತಿಯಾಚೆಗೆ ಹಿಗ್ಗಿಸಿ, ಹೊಸ ಬೋಲ್ಟನ್ನೇ ದುರ್ಬಲಗೊಳಿಸುತ್ತಾನೆ. ಆಯಾ ವಾಹನದ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸಬೇಕು. ನೂರು ಕಿಲೋಮೀಟರ್ ಓಡಿಸಿದ ಮೇಲೆ, ಬಣ್ಣ ತುಕ್ಕುಗಳು ನುರಿದು ಭಾಗಗಳು ಕುಳಿತಿರುವುದರಿಂದ, ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಇಷ್ಟಾದ ಮೇಲೆ ಕೊಟ್ಟಿಗೆಯ ಆ ವಾಹನವು ರಸ್ತೆಗಿಳಿಯಲು ಅರ್ಹವಾಗುತ್ತದೆ. ದಾರಿಯಲ್ಲಿ ನೋಡುವವರು ಅದರ ಬಣ್ಣವನ್ನು ಮೆಚ್ಚುತ್ತಾರೆ, ಅದರ ದನಿಯನ್ನು ಗುರುತಿಸುತ್ತಾರೆ. ಎಂಜಿನಿನ ಅಡಿಯಲ್ಲಿ ಅವಿತಿರುವ ಬೋಲ್ಟನ್ನು ಯಾರೂ ನೋಡುವುದಿಲ್ಲ. ಆದರೆ ಸವಾರನು ತಿರುವಿನಲ್ಲಿ ವಾಲುವಾಗ, ಅವನ ಹಿಂದೆ ಕುಳಿತ ತಂಗಿಯೋ ತಾಯಿಯೋ ನಿಶ್ಚಿಂತೆಯಿಂದಿರುವಾಗ, ಅವರ ಭಾರವನ್ನೂ ನಂಬಿಕೆಯನ್ನೂ ಹೊತ್ತಿರುವುದು ಆ ಕಾಣದ ಬೋಲ್ಟೇ. ಯಾರೂ ನೋಡದ ಸ್ಥಳದಲ್ಲಿಯೂ ತಂತಿಯನ್ನು ಬಿಚ್ಚಿ ಸರಿಯಾದ ಬೋಲ್ಟನ್ನು ಹಾಕುವವನೇ ನಿಜವಾದ ಕುಶಲಕರ್ಮಿ. ಹೊರಡುವ ಮುನ್ನ ಕಡೆಗೀಲನ್ನು ಮುಟ್ಟಿ ನೋಡುವ ರೈತನ ವಿವೇಕವೂ ಇದೇ ಅಲ್ಲವೆ?